ಕೊಂಡವಾಡ ತೆರೆದ ಮಳೆಗಾಲ

ಹತ್ತಿಕಾಳಿನ ಹಿಂಡಿ ನೀರಲ್ಲಿ ನೆನೆದರೆ ಒಂದು ವಾಸನೆ ಬರುತ್ತದೆ. ಅರ್ಧ ಎಣ್ಣೆಯದು, ಅರ್ಧ ಹುಳಿಯದು. ಎಮ್ಮೆ ಕಟ್ಟಿದ ಮನೆಯಲ್ಲಿ ಹುಟ್ಟಿದವರಿಗೆ ಅದು ಒಲೆಯ ಹೊಗೆಯಷ್ಟೇ ಸಹಜ. ಕಳೆದ ತಿಂಗಳು ಗಡಿಯಾಚೆ ಮರಾಠಿ ಸೀಮೆಯ ಜತ್ತದಿಂದ ಊರಿಗೆ ಹೊರಟ ಎಸ್.ಟಿ. ಬಸ್ಸಿನಲ್ಲಿ ನನ್ನ ಸೀಟಿನ ಕೆಳಗೆ ಯಾರೋ ಹಿಂಡಿಯ ಚೀಲ ನೂಕಿದ್ದರು. ಮಳೆಯಲ್ಲಿ ತೊಯ್ದ ಚೀಲ. ಬಿಳೂರ ದಾಟುವ ಹೊತ್ತಿಗೆ ಬಸ್ಸಿನ ತುಂಬ ಅದೇ ವಾಸನೆ. ಪಕ್ಕದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಒಂದು ಮಳೆಗಾಲ ಪೂರ್ತಿ ನೆನಪಾಯಿತು.

ಬಸ್ಸು ಇಳಿದರೆ ಎದುರಿಗೇ ಕೊಂಡವಾಡ. ಬೀದಿಗೆ ಬಿದ್ದ ದನ, ಎಮ್ಮೆ, ಆಡುಗಳನ್ನು ಹಿಡಿದು ಕೂಡಿಹಾಕಲು ಎಂದೋ ಕಟ್ಟಿದ ಕಲ್ಲಿನ ದೊಡ್ಡಿ. ಮೇಲೆ ಚಾವಣಿ ಇಲ್ಲ, ಒಂದೇ ಬಾಗಿಲು. ಈಗ ಒಳಗೆ ನಳದ ಪೈಪುಗಳನ್ನು ಪೇರಿಸಿಟ್ಟಿದ್ದಾರೆ. ಆ ಬಾಗಿಲನ್ನು ಒಂದು ವರ್ಷ ನಾನು ತೆರೆಸಿದ್ದೆ, ನಾನೇ ಮುಚ್ಚಿಸಿದ್ದೆ. ಆ ಎರಡರ ನಡುವೆ ನನ್ನ ಅವ್ವ ತನ್ನ ಇಪ್ಪತ್ತು ವರ್ಷದ ಗೆಳತಿಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಳು.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಏಳನೆಯ ಇಯತ್ತೆವರೆಗೆ ಕನ್ನಡ ಸಾಲೆ, ಮುಂದೆ ಮರಾಠಿ. ಅರ್ಧ ಪಾಠ ತಿಳಿಯುತ್ತಿರಲಿಲ್ಲ, ತಿಳಿದವಳಂತೆ ತಲೆಯಾಡಿಸುತ್ತಿದ್ದೆ. ಹೊಲದಲ್ಲಿದ್ದ ನಮ್ಮ ವಸ್ತಿಯಿಂದ ರಸ್ತೆಗೆ ನಡೆದು, ಬಸ್ಸು ಹಿಡಿದು ಜತ್ತದ ಕಾಲೇಜಿಗೆ ಮೂರು ವರ್ಷ. ಅಪ್ಪ ತೀರಿಕೊಂಡಿದ್ದ. ನಮಗಿದ್ದ ಆಧಾರ ಚಂದ್ರಿ ಎಂಬ ಎಮ್ಮೆ ಮತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ನನ್ನ ಅವ್ವ ಗಂಗವ್ವ. ನನ್ನ ಬಿ.ಎ. ಪ್ರಮಾಣಪತ್ರದ ಮೇಲೆ ವಿಶ್ವವಿದ್ಯಾಲಯದ ಸಿಕ್ಕಾ ಇದೆ. ಚಂದ್ರಿಯ ಗೊರಸಿನ ಗುರುತೂ ಇರಬೇಕಿತ್ತು. ಅವ್ವ ಆ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದಳು. ಬಂದವರೆಲ್ಲ ಮೊದಲು ದೇವರಿಗೆ, ಆಮೇಲೆ ನನ್ನ ಪ್ರಮಾಣಪತ್ರಕ್ಕೆ ಕೈ ಮುಗಿಯುವಂತಾಯಿತು.

ಪದವಿ ಮುಗಿದ ವರ್ಷ ನಮ್ಮೂರ ಗ್ರಾಮಪಂಚಾಯತಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಕಂತ್ರಾಟಿ ಕೆಲಸವೇ, ಆದರೂ ಕುರ್ಚಿ ಇತ್ತು. ಊರವರು ಚೇಷ್ಟೆಗೆ ‘ಬಿ.ಎ. ಅಕ್ಕೋರ’ ಎಂದು ಕರೆಯತೊಡಗಿದರು. ನಾನು ಅದನ್ನು ಚೇಷ್ಟೆ ಎಂದು ತಿಳಿಯಲೇ ಇಲ್ಲ.

ಅವ್ವನ ಗೆಳತಿ ಹುಸೇನಬಿ. ನಾನು ಅವಳನ್ನು ಖಾಲಾ, ಅಂದರೆ ದೊಡ್ಡವ್ವ, ಎನ್ನುತ್ತಿದ್ದೆ. ನಮ್ಮ ಮನೆಯಿಂದ ಎರಡು ಹೊಲ ಆಚೆ ಅವಳ ತುಂಡು ಭೂಮಿ. ಬಾವಿಯ ಮಗ್ಗುಲಲ್ಲಿ ಮಡಿ ಮಾಡಿ ಮೆಣಸಿನಕಾಯಿ, ಬದನೆಕಾಯಿ, ಉಳ್ಳಾಗಡ್ಡಿಯ ಅಗಿ ಬೆಳೆಸುತ್ತಿದ್ದಳು. ಅಗಿ ಎಂದರೆ ಕಿತ್ತು ಬೇರೆಡೆ ನಾಟಿ ಮಾಡುವ ಎಳೆ ಸಸಿ. ಡಫಳಾಪುರದ ಕಡೆಯಿಂದಲೂ ಜನ ಬಂದು ಒಯ್ಯುತ್ತಿದ್ದರು. ದಿನ ಬೆಳಗಾದರೆ ಅವ್ವ ಒಂದು ತಂಬಿಗೆ ಹಾಲು ಖಾಲಾನ ಮನೆಗೆ ಕಳಿಸುವಳು. ಬರುವಾಗ ಆ ತಂಬಿಗೆಯಲ್ಲಿ ಕರಿಬೇವೋ ನಾಲ್ಕು ಹಸಿಮೆಣಸಿನಕಾಯಿಯೋ ಇರುತ್ತಿತ್ತು. ಖಾಲಿ ತಂಬಿಗೆ ಬಂದದ್ದನ್ನು ನಾನು ಕಂಡಿಲ್ಲ.

ಊರಲ್ಲಿ ಒಂದು ರೂಢಿ ಇತ್ತು. ಅದಕ್ಕೆ ಹೆಸರೂ ಇರಲಿಲ್ಲ. ನಿಮ್ಮ ಎಮ್ಮೆ ನನ್ನ ಹೊಲಕ್ಕೆ ನುಗ್ಗಿ ಬೆಳೆ ಮೇಯಿತು ಅನ್ನಿ. ನಾನು ಅದನ್ನು ಹೊಡೆಯುವಂತಿಲ್ಲ. ಹಿಡಿದು ನನ್ನ ಬಾಗಿಲಲ್ಲಿ ಕಟ್ಟಿ ನೀರು ಕುಡಿಸಿ ಒಂದು ಹಿಡಿ ಕಣಿಕೆ ಮೇವು ಹಾಕಬೇಕು. ಹೇಳಿ ಕಳಿಸುವಂತಿಲ್ಲ, ನೀವೇ ಹುಡುಕಿಕೊಂಡು ಬರಬೇಕು. ಬಂದವರು ಕುಂತು ಬೈಸಿಕೊಳ್ಳಬೇಕು, ಚಹಾ ಮುಗಿಯುವವರೆಗೆ ತಿರುಗಿ ಮಾತಾಡುವಂತಿಲ್ಲ. ಆಮೇಲೆ ಕೆಟ್ಟ ಜಾಗದಲ್ಲಿ ಒಂದು ತಾಸು ಕೆಲಸ ಮಾಡಿಕೊಟ್ಟು ದನ ಬಿಡಿಸಿಕೊಂಡು ಹೋಗಬೇಕು. ಮತ್ತೊಂದು ಮುಖ್ಯ ಮಾತು: ಹಿಡಿದವರು ಆ ಎಮ್ಮೆಯ ಹಾಲು ಕರೆಯಬಾರದು. ಹೊತ್ತು ಇಳಿದಂತೆ ಕೆಚ್ಚಲು ಬಿಗಿಯುತ್ತದೆ, ಎಮ್ಮೆ ಒದರುತ್ತದೆ, ಒಡತಿ ಎಲ್ಲಿದ್ದರೂ ಓಡಿ ಬರಲೇಬೇಕು. ನಾನು ಅದನ್ನು ಚಿಕ್ಕಂದಿನಿಂದ ನೋಡಿದ್ದೆ, ಒಮ್ಮೆಯೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದು ಇರಲಿಲ್ಲವಲ್ಲ.

ಆ ವರ್ಷ ಮಿರುಗದ ಮಳೆ, ಅಂದರೆ ಮೃಗಶಿರೆ, ಹೇಳಿದ ಹೊತ್ತಿಗೆ ಬಂತು. ಸಜ್ಜೆ, ತೊಗರಿ ಎದ್ದು ನಿಂತವು. ಎಲ್ಲೆಲ್ಲೂ ಹಸಿರು ಕಂಡ ದನಗಳಿಗೆ ಹಗ್ಗ ಹಗ್ಗವೆನಿಸಲಿಲ್ಲ. ಒಂದೇ ವಾರದಲ್ಲಿ ಮೂರು ಸಲ ಖಾಲಾನ ಮೆಣಸಿನ ಮಡಿಯನ್ನು ಮೇಯ್ದದ್ದು ತಾತ್ಯಾನ ಜರ್ಸಿ ಆಕಳು. ತಾತ್ಯಾ ದಾಳಿಂಬೆ ತೋಟದ ದೊಡ್ಡ ಒಕ್ಕಲಿಗ. ಮೂರು ಸಲವೂ ಅವನು ಬರಲಿಲ್ಲ, ಆಳನ್ನು ಕಳಿಸಿದ. ಮೂರನೆಯ ಸಲ ನಾನು ಅಲ್ಲಿಯೇ ಇದ್ದೆ. ಆಳು ತಲೆ ತಗ್ಗಿಸಿ ಕುಂತು, ‘ಬೈರಿ ಖಾಲಾ’ ಎಂದ.

“ನಿನ್ನ ಬೈದು ನನಗೇನ್ ಸಿಗತೈತಪ್ಪಾ? ನೀಯೇನ್ ಆಕಳ ಮಾಲಕಾ?” ಖಾಲಾ ಚಹಾದ ಬಸಿ ಮುಂದೆ ತಳ್ಳಿದಳು. “ಚಾ ಕುಡಿ, ಆಕಳ ಬಿಚ್ಕೊಂಡ್ ಹೋಗು. ನಿಮ್ಮ ಸಾವ್ಕಾರಗ ಹೇಳು, ನನ್ನ ಬೈಗಳ ಕೆಟ್ಟು ಹೋಗಾಕತ್ತಾವ, ಲಗೂನ ಬಂದ್ ಒಯ್ಯಂತ.”

ಆಳು ನಕ್ಕ. ನನಗೆ ನಗು ಬರಲಿಲ್ಲ. ತುಳಿದ ಮಡಿಯ ಮುಂದೆ ಅವಳು ಕೂತ ರೀತಿ ನೋಡಿ ಸಿಟ್ಟು ಬಂತು. ನಾಚಿಕೆ ಇರುವವರಿಗೆ ಈ ರೂಢಿ ಸರಿ, ಇಲ್ಲದವರಿಗೆ ಏನು? ನನ್ನ ಪುಸ್ತಕ ಹೇಳಿತ್ತು: ಮನುಷ್ಯ ಲಾಭ ನಷ್ಟ ನೋಡಿ ನಡೆಯುತ್ತಾನೆ, ನಷ್ಟ ಹೆಚ್ಚಿಸಿ, ತಾನೇ ನೆಟ್ಟಗಾಗುತ್ತಾನೆ.

ಗ್ರಾಮಸಭೆಯಲ್ಲಿ ಎದ್ದು ನಿಂತೆ. ಹಳೆಯ ಕೊಂಡವಾಡ ತೆರೆಯೋಣ, ಹಿಡಿದ ದನಕ್ಕೆ ದಿನಕ್ಕಿಷ್ಟು ದಂಡ, ಮೇವು ಹಿಂಡಿ ಪಂಚಾಯತಿಯದು, ಹಿಡಿದು ತರುವ ಶಿಪಾಯಿಗೆ ತಲೆಗಿಷ್ಟು ಎಂದು ಕೊಡೋಣ ಎಂದೆ. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದೆ. ಸರಪಂಚರು ಖುಷಿಯಾದರು. “ಓದಿದ ಹುಡುಗಿ ಹೇಳಾಕತ್ತಾಳ, ಠರಾವ ಬರ್ಕೋರಿ.” ಹಿಂದೆ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. ಖಾಲಾ ಮಾತ್ರ ಮನೆಗೆ ಹೋಗುವಾಗ ನನ್ನ ಗದ್ದ ಹಿಡಿದು, “ಚಲೋ ಆತು ಬೇಟಿ, ನನ್ನ ಅಗಿ ಉಳೀಲಿ. ಆದ್ರ ದಂಡ ಯಾರಿಗೆ ಹೋಗತೈತಿ?” ಎಂದಳು.

“ಪಂಚಾಯತಿಗೆ.”

“ಹಾಂ,” ಎಂದಳು.

ಮೊದಲ ಮೂರು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಬೀದಿಯಲ್ಲಿ ಒಂದು ದನ ಇಲ್ಲ. ಶಿಪಾಯಿ ಭೀಮಶ್ಯಾ ಹೊಸ ಕೋಲು ಹಿಡಿದು ತಿರುಗುವನು, ನಾನು ದಂಡದ ಪಾವತಿ ಚೀಟಿ ಬರೆಯುವೆನು. ತಾತ್ಯಾನ ಜರ್ಸಿ ಒಮ್ಮೆ ಸಿಕ್ಕಿತು. ಅವನು ಆ ದಿನವೇ ಕಚೇರಿಗೆ ಬಂದ. ನನ್ನ ಕಾಯದೆ ಕೊನೆಗೂ ಇವನನ್ನು ಎಬ್ಬಿಸಿ ತಂದಿತಲ್ಲ ಎಂದು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವನು ನಗುತ್ತ ನೋಟು ಮೇಜಿನ ಮೇಲಿಟ್ಟ.

“ಅಕ್ಕೋರ, ತಿಂಗಳದ್ದ ಒಮ್ಮೆಲೆ ಹಚ್ಕೊಂಡ್ ಬಿಡ್ರಿ. ಹೋಗಿ ಬಂದು ಮಾಡೂದು ನನಗೂ ತ್ರಾಸ, ನಿಮಗೂ ತ್ರಾಸ.”

“ತಾತ್ಯಾ, ಇದ ದಂಡ ಐತ್ರಿ. ಪಾಸ್ ಅಲ್ಲ.”

“ಹೆಸರ ಏನರ ಇರ್ಲಿ ಬಿಡ್ರಿ. ಒಂದ್ ಆಳ ಇಟ್ಟು ಆಕಳ ಕಾಯೋದಕ್ಕಿಂತ ಅಗ್ಗ ಬೀಳತೈತಿ.”

ನಾನು ಹಣ ತೆಗೆದುಕೊಳ್ಳಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವನು ತಪ್ಪಿಗೆ ಬೆಲೆ ಕೇಳಿ, ಅಗ್ಗವಿದೆ ಎಂದು ಕೊಂಡುಕೊಳ್ಳಲು ಬಂದಿದ್ದ.

ಆಷಾಢ ಬಂತು. ಪಂಢರಪುರದ ಕಾಲ್ನಡಿಗೆಯ ವಾರಿಗೆ ಹೊರಟ ಇಬ್ಬರು ಗಂಡಸರು ತಮ್ಮ ಎತ್ತುಗಳನ್ನು ತಾವೇ ಹೊಡೆದುಕೊಂಡು ಕೊಂಡವಾಡಕ್ಕೆ ಬಂದರು. ಭೀಮಶ್ಯಾ ಬಾಗಿಲು ತೆಗೆದು ಒಳಗೂ ಬಿಟ್ಟುಕೊಂಡ. ನಾನು ಓಡಿ ಹೋದೆ.

“ಇವೇನ್ ಯಾರ ಹೊಲಕ್ಕ ಹೊಕ್ಕಿದ್ವು?”

“ಇಲ್ರಿ, ನಮ್ಮ ಎತ್ತ ಅಂಥಾವಲ್ಲ,” ಒಬ್ಬ ಎತ್ತಿನ ಬೆನ್ನು ಸವರಿದ. “ವಾರಿ ಮುಗಿಸ್ಕೊಂಡ ಬರೂತನಕ ಇಲ್ಲೇ ಇರ್ಲಿ ಅಂತ. ಮೇವು ಹಿಂಡಿ ನಿಮ್ದ ಐತಲ್ಲ, ದಂಡ ಕಟ್ಟತೀವಿ. ಬಂದ್ ಮ್ಯಾಲ ಪ್ರಸಾದನೂ ಕೊಡತೀವ್ರಿ.”

ಪಂಚಾಯತಿಯ ಹಿಂಡಿ ಬುಟ್ಟಿಗಟ್ಟಲೆ ನೆನೆಯತೊಡಗಿತು. ಆ ವಾಸನೆ ನನ್ನ ಕಂಪ್ಯೂಟರಿನ ತನಕ ಬರುತ್ತಿತ್ತು. ಊರವರು ಕೊಂಡವಾಡಕ್ಕೆ ‘ಲಾಡ್ಜಿಂಗ್’ ಎಂದು ಹೆಸರಿಟ್ಟರು. ಭೀಮಶ್ಯಾನಿಗೆ ತಲೆ ಎಣಿಸಿದರೆ ಸಾಕಿತ್ತು, ಯಾಕೆ ಬಂದವು ಎಂದು ಅವನು ಕೇಳಲಿಲ್ಲ. ಗೂಟಕ್ಕೆ ಕಟ್ಟಿದ ದನಗಳನ್ನೂ ಅವನು ಹಿಡಿದು ತರತೊಡಗಿದಾಗ ನಾನು ಗದರಿಸಿದೆ. “ಹಗ್ಗ ಸಡಲ ಇತ್ರಿ ಅಕ್ಕೋರ,” ಎಂದ. ಯಾರು ಸಡಿಲಿಸಿದರು ಎಂದು ಕೇಳಿದರೆ, “ಗಾಳಿ,” ಎಂದ. ಕೆಟ್ಟ ಮನುಷ್ಯನಲ್ಲ ಅವನು. ನಾನು ಯಾವುದಕ್ಕೆ ಕೂಲಿ ಕೊಡುತ್ತೇನೆಂದು ಹೇಳಿದ್ದೆನೋ ಅದನ್ನೇ ಮಾಡುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ, ತುಂತುರು ಮಳೆಯಲ್ಲಿ, ಭೀಮಶ್ಯಾ ಚಂದ್ರಿಯನ್ನು ಎಳೆದುಕೊಂಡು ಬಂದ. ನಾನು ಎದ್ದು ನಿಂತೆ.

“ಎಲ್ಲಿ ಸಿಕ್ತು?”

“ಹುಸೇನಬಿ ಮನಿ ಮುಂದ ಕಟ್ಟಿದ್ಲು. ಉಳ್ಳಾಗಡ್ಡಿ ಅಗಿ ತಿಂದು, ಮ್ಯಾಲ ಮಲಗಿ ಹೊಳ್ಳಾಡಿತ್ತಂತ. ಬ್ಯಾಡ ಬ್ಯಾಡ ಅಂತಿದ್ಲು ಮುದುಕಿ, ಗಂಗವ್ವ ಬರತಾಳ ಅಂತಿದ್ಲು. ಕಾಯದಾ ಅಂದ್ರ ಕಾಯದಾ ಅಂತ ಬಿಚ್ಕೊಂಡ್ ಬಂದೆ. ನಿಮ್ಮದ ಅಂತ ಬಿಡಾಕ ಬರತೈತೇನ್ರಿ?”

ಬರುವುದಿಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು ನೋಡಿ, ಕಾಯದೆಗೆ ನಮ್ಮವರು ಪರರು ಎಂಬುದಿಲ್ಲ ಎನ್ನುವುದು. ಅವ್ವ ಎಮ್ಮೆ ಹುಡುಕುತ್ತ ನಾಲ್ಕಾರು ಹೊಲ ತಿರುಗಿ, ಕೊನೆಗೆ ಕೊಂಡವಾಡಕ್ಕೆ ಬಂದಾಗ ಹಾಲು ಕರೆಯುವ ಹೊತ್ತು ಮೀರಿತ್ತು. ಚಂದ್ರಿಯ ಕೆಚ್ಚಲು ಕಲ್ಲಾಗಿತ್ತು. ಅವ್ವ ನನ್ನ ಮುಖ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ ದಂಡ ಇಟ್ಟಳು. ನಾನು ಪಾವತಿ ಬರೆದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಸೇರಿಸಿ, ಚಂದ್ರಿಯನ್ನು ಹಿಡಿದು ಖಾಲಾನ ಮನೆಯ ಮುಂದಿನಿಂದಲೇ ಹೋದಳು. ಖಾಲಾ ಒಲೆಯ ಮೇಲೆ ಚಹಾಕ್ಕಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವ್ವ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ತಂಬಿಗೆ ಒಲೆಯ ಪಕ್ಕದಲ್ಲೇ ಮಕಾಡೆ ಇತ್ತು.

“ಅವ್ವಾ, ಖಾಲಾಗ ಹಾಲು?”

“ಆಕಿ ನನ್ನ ಎಮ್ಮೀನ ಸರ್ಕಾರಕ್ಕ ಒಪ್ಪಿಸ್ಯಾಳ.”

“ಆಕಿ ಒಪ್ಪಿಸಿಲ್ಲ, ಭೀಮಶ್ಯಾ ಬಿಚ್ಕೊಂಡ್ ಬಂದಾನ.”

“ಯಾರರ ಒಯ್ಲಿ. ರೊಕ್ಕ ಕಟ್ಟೀನಿ, ಪಾವತಿ ಐತಿ. ಇನ್ನ ನಂದೇನ್ ಬಾಕಿ ಐತಿ ಆಕಿ ಹತ್ರ?”

ನಾನು ಖಾಲಾನ ಬಳಿ ಹೋದೆ. ಚಂದ್ರಿ ಹೊರಳಾಡಿದ ಮಡಿಯಲ್ಲಿ ಅಗಿ ಕೆಸರಿಗೆ ಅಂಟಿಕೊಂಡು ಒಣಗುತ್ತಿದ್ದವು. ಅವಳು ಸರಿಮಾಡಿರಲಿಲ್ಲ. ಹಾಲಿಲ್ಲದ ಕಪ್ಪು ಚಹಾ ಕುಡಿಯುತ್ತಿದ್ದಳು.

“ಮಡಿ ಯಾಕ ಹಂಗ ಬಿಟ್ಟೀರಿ ಖಾಲಾ?”

“ಗಂಗವ್ವ ಬರಬೇಕಲ್ಲ, ಕೂಡಿ ಮಾಡೂನಂತ ಬಿಟ್ಟೀನಿ. ರೊಕ್ಕ ಪಂಚಾಯತಿಗೆ ಹೋತು, ಅಗಿ ಮಣ್ಣಿಗೆ ಹೋತು. ನನ್ನ ಕಡೆ ಏನ್ ಬಂತ ಬೇಟಿ? ಒಂದ್ ಹೆಣ್ಮಗಳು ಬರತಿದ್ಲು, ಆಕೀನೂ ಬರಲಿಲ್ಲ.”

ಇಬ್ಬರದೂ ಸುಳ್ಳಲ್ಲ. ಇದು ನನ್ನನ್ನು ಕಾಡಿತು. ಅವ್ವ ಕಾನೂನಿನ ಪ್ರಕಾರ ತನ್ನ ತಪ್ಪಿಗೆ ಪೂರ್ತಿ ಬೆಲೆ ಕೊಟ್ಟಿದ್ದಳು. ಪೂರ್ತಿ ಕೊಟ್ಟದ್ದರಿಂದಲೇ ಅವಳಿಗೆ ಖಾಲಾನ ಅಂಗಳಕ್ಕೆ ಹೋಗುವ ಕಾರಣ ಉಳಿಯಲಿಲ್ಲ. ಹಳೆಯ ರೂಢಿಯಲ್ಲಿ ತಪ್ಪು ಮಾಡಿದವಳು ಬಾಗಿಲಿಗೆ ಬರಬೇಕಿತ್ತು. ನಾನು ಆ ದಾರಿಯ ನಡುವೆ ಒಂದು ಮೇಜು ಇಟ್ಟು ಕೂತಿದ್ದೆ.

ದಿನಗಳು ಹೋದವು. ಅವ್ವ ನೀರಿಗೆ ಹೋಗುವಾಗಲೂ ಖಾಲಾನ ಮನೆ ತಪ್ಪಿಸಿ ಸುತ್ತು ದಾರಿ ಹಿಡಿದಳು. ಸಾರಿಗೆ ಕರಿಬೇವಿಲ್ಲದೆ ಉಣ್ಣುತ್ತಿದ್ದೆವು. ಅಂಗಡಿಯಿಂದ ತರಲೇ ಎಂದರೆ, ಬೇಡ ಎಂದಳು. ಒಂದು ಸಲ ತಾನೇ ತಂಬಿಗೆ ತೊಳೆದು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಮಕಾಡೆ ಇಟ್ಟದ್ದನ್ನು ನಾನು ನೋಡಿದೆ.

ಮುಂದಿನ ಗ್ರಾಮಸಭೆಯಲ್ಲಿ ನಾನೇ ಎದ್ದು, ನನ್ನ ಲೆಕ್ಕ ತಪ್ಪಿತು, ಕೊಂಡವಾಡ ಮುಚ್ಚೋಣ ಎಂದೆ. ಹಿಂಡಿಯ ಖರ್ಚು ನೋಡಿ ಬೇಸತ್ತಿದ್ದ ಸರಪಂಚರು ಕೂಡಲೇ ಒಪ್ಪಿದರು. ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡೆ.

ಆಗಲಿಲ್ಲ. ನನಗೆ ಇಂದಿಗೂ ಅತ್ಯಂತ ಸೋಜಿಗವೆನಿಸುವುದು ಇದೇ. ಕೊಂಡವಾಡ ಮುಚ್ಚಿದರೂ ಜನ ಬಾಗಿಲಿಗೆ ಬಂದು ಬೈಸಿಕೊಳ್ಳುವುದಕ್ಕೆ ಮರಳಲಿಲ್ಲ. ಒಬ್ಬಾತನ ಆಡು ಪಕ್ಕದವರ ಸಜ್ಜೆ ಮೇಯ್ದಾಗ ಕೇಳಿದರೆ, “ದಂಡ ತಗದ್ರಲ್ಲ, ಅಂದ ಮ್ಯಾಲ ಅದೇನ್ ತಪ್ಪಲ್ಲ,” ಎಂದ. ಹಾಸ್ಯಕ್ಕೆ ಹೇಳಿದ್ದಲ್ಲ, ನಿಜಕ್ಕೂ ಹಾಗೆ ತಿಳಿದಿದ್ದ. ದಂಡ ಬಂದಾಗ ಹೊರಗೆ ಹೋದ ನಾಚಿಕೆ, ದಂಡ ಹೋದರೂ ಒಳಗೆ ಬರಲಿಲ್ಲ. ಠರಾವು ಬರೆದು ಅದನ್ನು ಕರೆಯುವುದು ಹೇಗೆ? ಯಾರಾದರೂ ಮೊದಲು ಹೋಗಿ ಒಬ್ಬರ ಅಂಗಳದಲ್ಲಿ ಕೂರಬೇಕು. ನಮ್ಮ ಮನೆಯಿಂದಲೇ ಆಗಬೇಕು ಎನಿಸಿತು. ಅವ್ವನಿಗೆ ಹೇಳಿ ನೋಡಿದೆ. “ನಾ ಯಾಕ ಹೋಗ್ಲಿ? ನನ್ನ ಎಮ್ಮಿ ಈಗ ಏನ್ ತಿಂದೈತಿ?” ಎಂದಳು.

ಭಾದ್ರಪದದ ಒಂದು ರವಿವಾರ ಅವ್ವ ಕಳೆ ತೆಗೆಯಲು ಹೋಗಿದ್ದಳು. ನಾನು ಚಂದ್ರಿಯ ಹಗ್ಗ ಬಿಚ್ಚಿ, ಎರಡು ಹೊಲ ದಾಟಿಸಿ, ಖಾಲಾನ ಬೇವಿನ ಗಿಡಕ್ಕೆ ಕಟ್ಟಿದೆ.

ಖಾಲಾ ಹೊರಗೆ ಬಂದಳು. “ಏನ್ ತಿಂತು?”

“ಏನೂ ತಿಂದಿಲ್ರಿ.”

“ಮತ್ತ ಯಾಕ ಕಟ್ಟೀದಿ?”

“ಹಿಂದಿನ ಸಲ ತಿಂದದ್ದಕ್ಕ ಅವ್ವ ಬಂದಿಲ್ಲಲ್ಲ. ಅದಕ್ಕ.”

ಖಾಲಾ ನನ್ನನ್ನೂ ಎಮ್ಮೆಯನ್ನೂ ನೋಡಿದಳು. ಒಳಗೆ ಹೋಗಿ ಬಕೆಟಿನಲ್ಲಿ ನೀರು ತಂದಿಟ್ಟಳು. ಒಂದು ಹಿಡಿ ಕಣಿಕೆ ಹಾಕಿದಳು. ಆಮೇಲೆ ಹೊಸ್ತಿಲ ಮೇಲೆ ಕುಂತು, “ಇನ್ನ ಬರತಾಳ ಬಿಡು,” ಎಂದಳು. ಅವಳ ದನಿಯಲ್ಲಿ ನನಗಿದ್ದಷ್ಟು ಧೈರ್ಯ ಇರಲಿಲ್ಲ.

ಹೊತ್ತು ಇಳಿಯಿತು. ಪಶ್ಚಿಮಕ್ಕೆ ಮೋಡ ಕಟ್ಟಿತು. ಚಂದ್ರಿ ಒದರಲು ಶುರುಮಾಡಿತು. ಒಂದು, ಎರಡು, ಆಮೇಲೆ ಬಿಡುವಿಲ್ಲದೆ. ಕೊನೆಗೆ ಬದುವಿನ ಮೇಲೆ ಅವ್ವ ಕಂಡಳು. ಕುಡುಗೋಲು ಇನ್ನೂ ಕೈಯಲ್ಲೇ ಇತ್ತು. ಅಂಗಳದ ಅಂಚಿಗೆ ಬಂದು ನಿಂತಳು. ಎಮ್ಮೆ ನೋಡಿದಳು, ನನ್ನನ್ನು ನೋಡಿದಳು. ಎಲ್ಲ ತಿಳಿಯಿತು. ತಿರುಗಿ ಹೋಗುತ್ತಾಳೆ ಎಂದುಕೊಂಡೆ.

“ಕುಂದ್ರು,” ಎಂದಳು ಖಾಲಾ.

ಅವ್ವ ನಿಂತೇ ಇದ್ದಳು. ಚಂದ್ರಿ ಮತ್ತೊಮ್ಮೆ ಒದರಿತು. ಅವ್ವ ಕುಡುಗೋಲು ಕೆಳಗಿಟ್ಟು ಕುಂತಳು.

ಆಮೇಲೆ ಖಾಲಾ ಬೈಯತೊಡಗಿದಳು. ಕೂಡಿಟ್ಟ ಬೈಗಳು, ಒಂದೂ ಕೆಟ್ಟಿರಲಿಲ್ಲ. “ಕಣ್ಣ ಕುರುಡಾಗಿದ್ವೇನ? ಬಾಗಲದಾಗ ನಿಂತಿದ್ದೆ, ಕಾಣಲಿಲ್ಲೇನ? ಚಾ ಕುದ್ದು ಕುದ್ದು ಬತ್ತಿ ಹೋತು! ದಂಡ ಕಟ್ಟಿದಾಕಿ ನೀ ದೊಡ್ಡಾಕಿ! ನನ್ನ ಅಗಿ ಕೇಳಿದಿ? ನನ್ನ ಸೊಂಟ ಕೇಳಿದಿ?” ಅವ್ವ ರೂಢಿಯಂತೆ ಬಾಯಿ ತೆರೆಯಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡಳು. ಖಾಲಾ ಚಹಾ ತಂದಿಟ್ಟಳು. ಕಪ್ಪು ಚಹಾ.

“ಹಾಲಿಲ್ಲ,” ಎಂದಳು. “ಹಾಲ ಬರೋದು ಬಂದ್ ಆಗೇತಿ.”

ಅವ್ವ ಬಸಿಯನ್ನು ಪಕ್ಕಕ್ಕಿಟ್ಟಳು. ಎದ್ದು ಒಳಗೆ ಹೋದಳು. ಆ ಮನೆಯಲ್ಲಿ ಪಾತ್ರೆ ಎಲ್ಲಿರುತ್ತದೆಂದು ಕೇಳುವ ಅಗತ್ಯ ಅವಳಿಗಿರಲಿಲ್ಲ. ಖಾಲಾನ ತಂಬಿಗೆ ಹಿಡಿದು ಬಂದು ಬೇವಿನ ಗಿಡದ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಹಿಡಿದವರು ಕರೆಯಬಾರದು ಎಂದು ರೂಢಿ ಇತ್ತು. ಒಡತಿಯೇ ಆ ಅಂಗಳದಲ್ಲಿ ಕೂತು ಕರೆಯಬಾರದೆಂದು ಯಾರೂ ಹೇಳಿರಲಿಲ್ಲ. ತಂಬಿಗೆಯ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿ ಖಾಲಾ ಬೈಯುವುದನ್ನು ನಿಲ್ಲಿಸಿದಳು.

ಹಾಲು ಹಾಕಿ ಮತ್ತೊಮ್ಮೆ ಕುದಿಸಿದ ಚಹಾ ಮೂವರೂ ಕುಡಿದೆವು. ಅವ್ವನ ಮೊದಲ ಮಾತು, “ಸಕ್ಕರಿ ಹೆಚ್ಚಾಗೇತಿ ಅಕ್ಕಾ,” ಎಂಬುದು.

ಖಾಲಾ ನನ್ನ ಕಡೆ ತಿರುಗಿದಳು. “ಇನ್ನ ಇಕೀದು. ಎಮ್ಮಿ ನನ್ನ ಅಗಿ ತಿಂತು, ಮಗಳು ನಮ್ಮಿಬ್ಬರ ಮಾತು ತಿಂದ್ಲು. ಎಮ್ಮೀದು ಮಾಫ್. ಮಗಳಿಗೇನ್ ದಂಡ ಹಾಕೂನು ಗಂಗವ್ವ?”

“ಪಾವತಿ ಬುಕ್ ಆಕೀ ಕಡೇನ ಐತಿ, ಕೇಳು,” ಎಂದಳು ಅವ್ವ.

ಇಬ್ಬರೂ ಸೇರಿ ಹಾಕಿದ ದಂಡ ಇದು: ವಾರವಿಡೀ ಕಚೇರಿ ಮುಗಿಸಿ ಬಂದು ತುಳಿದ ಮಡಿಗಳನ್ನೆಲ್ಲ ನಾನು ಹೊಸದಾಗಿ ಮಾಡಿಕೊಡಬೇಕು.

ಮಾಡಿದೆ. ಬಿ.ಎ. ಅಕ್ಕೋರು ಕೆಸರಲ್ಲಿ ಕೂತದ್ದನ್ನು ನೋಡಲು ಭೀಮಶ್ಯಾ ಕೂಡ ಬಂದು ಹೋದ. ಮೂರನೆಯ ದಿನ ಒಂದು ಮನೆಯ ಆಡು ಇನ್ನೊಂದು ಮನೆಯ ಬಾಗಿಲಲ್ಲಿ ಕಟ್ಟಿದ್ದು ಕಂಡಿತು, ಒಳಗೆ ಯಾರೋ ಬೈಯುತ್ತಿದ್ದರು. ಒಂದೇ ಮನೆ. ಊರೆಲ್ಲ ತಿರುಗಿತು ಎಂದು ಹೇಳಿದರೆ ಸುಳ್ಳಾದೀತು. ತಾತ್ಯಾ ಕೊನೆಗೂ ಯಾರ ಅಂಗಳದಲ್ಲೂ ಕೂರಲಿಲ್ಲ. ಅಂಥವನಿಗೆ ದಂಡ ಬೇಕೋ ಏನೋ, ನನಗೆ ಇನ್ನೂ ಗೊತ್ತಿಲ್ಲ. ಈಗ ನಾನು ಬೇರೆ ತಾಲೂಕಿನಲ್ಲಿ ಗ್ರಾಮಸೇವಕಿ, ಪಂಚಾಯತಿಯ ಕಾರ್ಯದರ್ಶಿಯ ಕೆಲಸ. ದಂಡದ ಠರಾವು ಮುಂದೆ ಬಂದಾಗಲೆಲ್ಲ ಸಹಿ ಮಾಡುವ ಮೊದಲು ಒಂದು ಮಾತು ಕೇಳುತ್ತೇನೆ: ಇದನ್ನು ಕಟ್ಟಿದವನು ಆಮೇಲೆ ಯಾರ ಮನೆಯ ಮುಂದಿನಿಂದ ಹೋಗುತ್ತಾನೆ? ಜೊತೆಯವರು ನಗುತ್ತಾರೆ.

ಆ ವಾರ ದಿನವೂ ಸಂಜೆ ನಾನು ಬಗ್ಗಿ ಮಣ್ಣಲ್ಲಿ ಬೆರಳಿನಿಂದ ಗೆರೆ ಎಳೆದು, ಉಳ್ಳಾಗಡ್ಡಿಯ ಕಪ್ಪು ಬೀಜ ಬಿಟ್ಟು, ಮೇಲೆ ಸಣ್ಣ ಗೊಬ್ಬರ ಉದುರಿಸುತ್ತ ಹೋಗುತ್ತಿದ್ದೆ. ಮಡಿಯ ಈ ಕಡೆ ಅವ್ವ, ಆ ಕಡೆ ಖಾಲಾ. ತಿಂಗಳೊಪ್ಪತ್ತಿನ ಮಾತು ಬಾಕಿ ಇತ್ತು ಅವರಿಗೆ. ಯಾರ ಸೊಸೆ ಬಸುರಿ, ಯಾರ ಬಾವಿಗೆ ನೀರು ಬಂತು, ಯಾರ ಎತ್ತು ಪಂಢರಪುರಕ್ಕೆ ಹೋಗದೆಯೇ ಕೊಬ್ಬಿತು. ಎಲ್ಲ ನನ್ನ ಬೆನ್ನಿನ ಮೇಲಿಂದಲೇ ಹೋಗುತ್ತಿತ್ತು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಏಳನೆಯ ಸಂಜೆ ಕೊನೆಯ ಮಡಿ ಮುಗಿಸಿ ಎದ್ದೆ. ಸೊಂಟ ಹಿಡಿದಿತ್ತು. ಖಾಲಾ ಮಡಿ ನೋಡಿ, ಗೆರೆ ಸೊಟ್ಟ ಬಂದಿವೆ, ನಾಳೆಯೂ ಬಾ ಎಂದಳು. ಅವ್ವ ಹೌದೆಂದು ತಲೆಯಾಡಿಸಿದಳು. ಗೆರೆ ನೆಟ್ಟಗೇ ಇದ್ದವು. ನಾನು ಮರುದಿನವೂ ಹೋದೆ.